ವಿಷಯ: ಒಂದು ದಿನದ ರಜೆ ಕೋರಿ

ಶಿವಮೊಗ್ಗದ ತರಬೇತಿಯಲ್ಲಿ ಎರಡು ದಿನ ಕೂರಿಸಿ
ಉಪ್ಪಿಟ್ಟು ತಿನ್ನಿಸಿ ಕೊಟ್ಟು ಕಳಿಸಿದ್ದು ಮೂರು ಪದ.
ರಿಪ್ಪನ್‌ಪೇಟೆಗೆ ಬಸ್ಸಿನಲ್ಲಿ ತಂದು
ಒಂಬತ್ತನೇ ತರಗತಿಯ ಹಲಗೆಗೆ ಹೊಡೆದೆ, ಗೂಟದ ಹಾಗೆ:
ತಿಳಿಸಲು. ಒಪ್ಪಿಸಲು. ರಂಜಿಸಲು.
ಬರೆದವರು ಯಾಕೆ ಬರೆದರು, ಹುಡುಕಿ,
ಹಿಡಿದು ತಂದು ಒಂದಕ್ಕೆ ಕಟ್ಟಿ.

ಪಾಠ ತೆಗೆದರೆ ಎಲ್ಲರದೂ ಒಂದೇ ಉತ್ತರ:
"ಪರೀಕ್ಷೆಗೆ ಬರ್ತದೆ ಅಂತ ಬರೆದಿದಾರೆ, ಮೇಡಂ."
ಸುಳ್ಳು ಅನ್ನಲು ನನಗೂ ಬಾಯಿ ಬರಲಿಲ್ಲ.

ಪುಸ್ತಕ ಮುಚ್ಚಿಸಿದೆ. ಊರಿನ ಗೋಡೆಗಳಿಂದ
ನಕಲು ಮಾಡಿ ತಂದದ್ದನ್ನು ಓದಿದೆ.
ಆಸ್ಪತ್ರೆಯ ಕಾಂಪೌಂಡಿನದು:
"ಸತ್ತ ಮಂಗ ಕಂಡರೆ ಮುಟ್ಟಬೇಡಿ, ಕೂಡಲೇ ತಿಳಿಸಿ."
"ತಿಳಿಸಲು!" ಫಯಾಜ್ ಕೂಗಿದ. ಪದವೇ ಅಲ್ಲಿತ್ತಲ್ಲ.
"ತಿಳಿಸೋದು ನಾವು ಕಣೋ," ಅಂದ ಲೋಹಿತ,
"ಅವರು ಹೆದರಿಸ್ತಿರೋದು."
ಅವನ ಅಜ್ಜಿಗೆ ಆ ಬೋರ್ಡು ಓದಲು ಬಾರದು,
ಆದರೂ ದರಗು ತರಲು ಹೋಗುವ ಮುಂಚೆ
ಕಾಲಿಗೆ ಡಿಎಂಪಿ ಎಣ್ಣೆ ಸವರಿಕೊಳ್ಳುತ್ತಾಳಂತೆ.

ಚಹಾದಂಗಡಿಯದು: "ಇಂದು ನಗದು, ನಾಳೆ ಸಾಲ."
ರಂಜಿಸಲು, ಅಂತ ಇಡೀ ತರಗತಿ ನಕ್ಕಿತು.
ಗ್ರೇಸಿ ಮಾತ್ರ ನಗಲಿಲ್ಲ:
"ಇಲ್ಲ ಅನ್ನೋಕೆ ನಾಚಿಕೆ ಆದವರು ಬರೆಸೋದು ಅದು.
ನಮ್ಮಪ್ಪನೂ ಬರೆಸಿದಾರೆ."
ಗೂಟ ಸಾಲದೆ ಬಂತು.

ಗೆದ್ದೆ ಅನ್ನಿಸಿತೇನೋ. ಆ ಉಮೇದಿನಲ್ಲೇ
ಮೇಜಿನ ಖಾನೆಗೆ ಕೈ ಹಾಕಿದೆ. ಸಿಕ್ಕಿದ್ದು
ರಜಾ ಚೀಟಿಗಳ ಕಟ್ಟು.
ಹೆಸರನ್ನು ಹೆಬ್ಬೆರಳಲ್ಲಿ ಮುಚ್ಚಿ ಓದಿದೆ:
"ನನಗೆ ಹೊಟ್ಟೆನೋವು ಇರುವ ಕಾರಣ
ಒಂದು ದಿನದ ರಜೆ ಕೊಡಬೇಕೆಂದು ತಮ್ಮಲ್ಲಿ..."
ಎರಡನೆಯದೂ ಹೊಟ್ಟೆನೋವು. ಮೂರನೆಯದೂ.
ಅದೇ ಕೈಬರಹ, ಕಾರಣದ ಣಕಾರಕ್ಕೆ ಅದೇ ಉದ್ದ ಬಾಲ.
ನಗು ಮುಂದಿನ ಸಾಲಿನಿಂದ ಹೊರಟು
ಕಿಟಕಿ ಪಕ್ಕದ ಒಂದು ಬೆಂಚಿನ ಹತ್ತಿರ ನಿಂತುಬಿಟ್ಟಿತು.
ಸುಹಾನಾ ಎದ್ದಳು, ಮೆಲ್ಲಗೆ:
"ತಾರೀಖು ನೋಡಿ ಮೇಡಂ. ಎಲ್ಲಾ ಸೋಮವಾರ."

ನೋಡಿದೆ. ನಾಲ್ಕೂ ಸೋಮವಾರ. ಸಂತೆ.
ಮಡಿಕೆಯಿಂದ ಜಾರಿತು ಈರುಳ್ಳಿಯ ಒಂದು ಸಿಪ್ಪೆ,
ಬೆಳಕು ತೂರುವಷ್ಟು ತೆಳು,
ಹಾಜರಿ ಪುಸ್ತಕದ ಮೇಲೆ ಕೂತು
ಫ್ಯಾನಿನ ಗಾಳಿಗೆ ಅಲುಗುತ್ತಿತ್ತು.
ಹೊಟ್ಟೆ ಅಂತ ಬರೆದದ್ದು ನಿಜ. ನೋವು ಅಂತ ಬರೆದದ್ದೂ.
ಪಾಡು ಅನ್ನುವುದನ್ನು ಮಾತ್ರ
ಕಾಗುಣಿತ ಗೊತ್ತಿದ್ದೂ ಬಿಟ್ಟಿದ್ದ.
ಹಾಲೇಶ ತಲೆ ಎತ್ತಲಿಲ್ಲ. ತಕ್ಕಡಿ ಹಿಡಿದು ಜಡ್ಡಾದ ಬೆರಳಲ್ಲಿ
ಬೆಂಚಿನ ಮೇಲೆ ಯಾರೋ ಕೊರೆದಿದ್ದ ಹೆಸರನ್ನು
ಮತ್ತೆ ಮತ್ತೆ ತಿದ್ದುತ್ತಿದ್ದ.

ಪ್ರತಿ ಚೀಟಿಯ ಕೆಳಗೆ, ಕೆಂಪು ಶಾಯಿಯಲ್ಲಿ,
ನನ್ನದೂ ಒಂದು ಬರಹವಿತ್ತು: ಮಂಜೂರು.
ಬರೆದವಳ ಉದ್ದೇಶ? ಯಾರೂ ಕೇಳಲಿಲ್ಲ.
ತಿಳಿಸಲು ಅಲ್ಲ. ಒಪ್ಪಿಸಲು ಅಲ್ಲ.
ಕಟ್ಟು ಕರಗಿಸಲು. ಐದರ ಬಸ್ಸು ಹಿಡಿಯಲು.

ಗಂಟೆ ಹೊಡೆಯಿತು. ಮಕ್ಕಳು
ಹಲಗೆಯ ಮೂರು ಪದ ಅಚ್ಚುಕಟ್ಟಾಗಿ ಇಳಿಸಿಕೊಂಡರು,
ತಾವೇ ಹೇಳಿದ ಒಂದನ್ನೂ ಬರೆದುಕೊಳ್ಳದೆ.

ಮುಂದಿನ ಮಂಗಳವಾರ ಮೇಜಿನ ಮೇಲೆ
ಇನ್ನೊಂದು ಚೀಟಿ. ವಿಷಯ ಇಲ್ಲ, ದಯಮಾಡಿ ಇಲ್ಲ.
"ಮೇಡಂ, ನಿನ್ನೆ ಸಂತೆ ಇತ್ತು. ಹಾಲೇಶ."
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ
ಕೂತೆ ಸುಮಾರು ಹೊತ್ತು.
ಐದರ ಬಸ್ಸು ಹಾರ್ನು ಹೊಡೆದು ಹೋಯಿತು.
ಆಮೇಲೆ ಬರೆದೆ, ಅದೇ ಕೆಂಪು ಶಾಯಿ:
"ಈರುಳ್ಳಿ ಎಷ್ಟು ಉಳಿಯಿತು?"