ಜಾಲಿಯ ಸಾಲು

ಟೇಪಿನ ಒಂದು ತುದಿ ನನ್ನ ಕೈಲಿ,
ಇನ್ನೊಂದು ಮೇಷ್ಟ್ರು ಮಲ್ಲೂಮನ ಕೈಲಿ.
ಎನ್‌ಗಿಗ್ಮಿಯ ಹಳೇ ಮೀನುಸಂತೆಯ ಗೋಡೆಯಿಂದ ಹೊರಟು
ತೆಂಕಣಕ್ಕೆ ಅಳೆಯುತ್ತ ಇಳಿಯುತ್ತಿದ್ದೇವೆ
ನೀರಿಲ್ಲದ ಚಾಡ್ ಕೆರೆಯೊಳಕ್ಕೆ.

ಮೊದಲು ಸಿಗುವುದು ಎಕ್ಕ.
ಎಕ್ಕವನ್ನು ನಾನು ಸಾಕ್ಷಿಗೆ ಕರೆಯುವುದಿಲ್ಲ:
ಮನೆ ಬಿದ್ದರೂ ಬರುತ್ತದೆ, ಹೊಲ ಬಿಟ್ಟರೂ ಬರುತ್ತದೆ,
ಆಡು ಕೂಡ ಮೂಸಿ ಮುಂದೆ ಹೋಗುತ್ತದೆ.

ಆಮೇಲೆ ಮುನ್ನೂರ ಹನ್ನೆರಡನೇ ಮೀಟರಿಗೆ
ಜಾಲಿ.
ಒಂದೇ ಎತ್ತರ, ಒಂದೇ ದಪ್ಪ, ಬಾಗಿದ ಗೆರೆಯ ಮೇಲೆ
ಪ್ರಾರ್ಥನೆಗೆ ನಿಂತ ಒಂದೇ ತರಗತಿಯ ಹಾಗೆ.
ಕಾಯಿ ತೇಲಿ ಬಂದು ದಡ ಮುಟ್ಟಿ,
ನೀರು ಹಿಂದೆ ಸರಿದ ಆ ಒಂದು ವರ್ಷ
ಹಸಿ ಕೆಸರು ಬಾಗಿಲು ತೆರೆದಿತ್ತು.
ಹೊಕ್ಕವು ಹೊಕ್ಕವು.
ಮರುವರ್ಷದವಕ್ಕೆ ಮಣ್ಣು ಆಗಲೇ ಹೆಂಚು.

ಒಣಗಿದ್ದೊಂದನ್ನು ಕೊಯ್ದು ಉಂಗುರ ಎಣಿಸಿದೆ,
ಉಗುರಲ್ಲಿ ಒಮ್ಮೆ, ಸೂಜಿಯಲ್ಲಿ ಇನ್ನೊಮ್ಮೆ.
ಬರೆದುಕೊಂಡೆ: ಅರವತ್ತೆಂಟರ ದಡ.

"ಅಲ್ಲ" ಎಂದಳು ಯಗಾನಾ ಕೆಲ್ಲೂ.
ಚರ್ಮ ಹದಮಾಡುವವರಿಗೆ ಮಾರಲೆಂದು
ಕತ್ತೆಯ ಮೇಲೆ ಜಾಲಿಕಾಯಿ ಹೇರಿಕೊಂಡು
ಊರ ಕಡೆ ಹೊರಟಿದ್ದವಳು.
"ನನ್ನ ಮದುವೆಯ ದೋಣಿ ಇಲ್ಲಿ ನಿಂತದ್ದು,
ಅಪ್ಪ ಕಟ್ಟಿದ ಜೊಂಡಿನ ದೋಣಿ.
ಇಳಿದರೆ ನೀರು ಮೊಳಕಾಲಿಗೆ.
ಹೊಸಬಟ್ಟೆ ನೆನೆಸಿಕೊಂಡಳೆಂದು
ಅತ್ತೆ ಅಲ್ಲಿಂದಲೇ ಶುರು ಮಾಡಿದಳು."
ಯಾವ ವರ್ಷ?
"ಊರಿಗೆ ಮೊದಲ ಲಾರಿ ಬಂದ ವರ್ಷ."
ಮೇಷ್ಟ್ರು ಬೆರಳು ಮಡಚಿದ: ಅರವತ್ತೈದು.

ನಕ್ಕ: "ಮರ ಸುಳ್ಳು ಹೇಳುತ್ತದೆಯೇ ಅಜ್ಜಿ?"
"ಸುಳ್ಳಲ್ಲಪ್ಪ. ಅದು ಹುಟ್ಟಿದ್ದೇ ನೀರು ಹೋದ ಮೇಲೆ.
ನೀರನ್ನು ಅದು ಕಂಡಿಲ್ಲ.
ನಾನು ಕಂಡಿದ್ದೇನೆ."

ಅರವತ್ತೆಂಟನ್ನು ಹೊಡೆದುಹಾಕಲಿಲ್ಲ ನಾನು.
ಅಂಚಿನಲ್ಲಿ ಅವಳ ಹೆಸರು ಬರೆದೆ; ಅದಕ್ಕೊಂದು ಕಾಲಂ ಇರಲಿಲ್ಲ.

ಕತ್ತೆಯನ್ನು ಹೊರಡಿಸಿದಳು.
ಜಾಲಿಯ ಸಾಲಿಗೆ ಬಂದಾಗ
ಎರಡೂ ಕೈಯಲ್ಲಿ ಉಟ್ಟ ಬಟ್ಟೆ ಹಿಡಿದು
ಮೊಳಕಾಲವರೆಗೆ ಎತ್ತಿದಳು,
ಧೂಳಿನಲ್ಲಿ ಹೆಜ್ಜೆ ತಡವುತ್ತ ಹೋದಳು
ಎಂಟು, ಹತ್ತು, ಹನ್ನೆರಡು,
ಎಕ್ಕದ ನಡುವೆ ಒಂದು ಕಡೆ
ಬಟ್ಟೆ ಇಳಿಬಿಟ್ಟಳು. ತಿರುಗಿ ನೋಡಲಿಲ್ಲ.

ಮಲ್ಲೂಮ ಮಾತಾಡದೆ ಹೋಗಿ
ಅಲ್ಲೊಂದು ಗೂಟ ಹೊಡೆದ.
ಟೇಪು ಎಳೆದು ನೋಡಿದೆ:
ಮುನ್ನೂರ ಮೂರು.