ಎಡಗಣ್ಣು

ಬಾಗಿಲ ಬಳಿ ಹದಿಮೂರು ಪೆಟ್ಟಿಗೆ ಇಳಿಸಿಟ್ಟಿದ್ದರು
ನನಗಾಗಿ, ಧೂಳೊರೆಸಿ.
ಬೇಡ, ಎಂದೆ. ಏಣಿ ತನ್ನಿ.
ಗೋಡೆಗೆ ಒತ್ತಿ ನಿಂತ ಹಿಂದಿನ ಸಾಲಿಂದ, ನಡುವಿಂದ,
ತೀರಾ ತಳದಿಂದ
ನಾನೇ ಆರಿಸಿದೆ, ಸೀಮೆಸುಣ್ಣದ ಗೀಟೆಳೆದು.
ಮಾಲೀಕ ಗೆಂಗ್ ನಕ್ಕ.
ನಗು ಬರೆದುಕೊಳ್ಳಲು ನನ್ನ ಪಟ್ಟಿಯಲ್ಲಿ ಜಾಗವಿಲ್ಲ.

ಯಾಂಗ್‌ಝೌ. ಸೆಪ್ಟೆಂಬರಿನ ಕೊನೆ.
ಅಂಗಳದಲ್ಲಿ ಗುಯ್‌ಹುವಾ ಬಿರಿದು
ಹತ್ತಿಯ ಧೂಳಿಗೂ ಘಮ ಹತ್ತಿತ್ತು.
ಮೂರು ಸಾವಿರದ ಇನ್ನೂರು ಬೊಂಬೆ ಕರಡಿ,
ಕೊಳ್ಳುವವಳು ರಾಟರ್‌ಡ್ಯಾಮಿನಲ್ಲಿ.
ಅವಳು ಈ ಶೆಡ್ಡು ಕಂಡಿಲ್ಲ,
ಇವನು ಆ ಬಂದರು ಕಂಡಿಲ್ಲ.
ನಡುವೆ ನಾಲ್ಕೈದು ಸಮುದ್ರ,
ಮತ್ತು ದಿನಗೂಲಿಯ ನಾನು.
ಕೂಲಿ ಅವಳದು. ಆದರೂ
ಅವಳಿಗೆ ಹಿತವಾದದ್ದನ್ನು ಬರೆಯಲು ಬಂದವಳಲ್ಲ.

ಅನ್ನ ಬೆಂದಿತೇ ನೋಡಲು ಒಂದಗುಳು ಸಾಕಂತೆ.
ನನಗೆ ನೂರ ಇಪ್ಪತ್ತೈದು ಅಗುಳು.
ಹೊಲಿಗೆ ಎಣಿಸಿದೆ, ಕಿವಿ ಅಳೆದೆ,
ಹೊಟ್ಟೆ ಹಿಸುಕಿ ಮುರಿದ ಸೂಜಿ ಹುಡುಕಿದೆ.
ತುಂಬಿದ ಪೆಟ್ಟಿಗೆ ಎತ್ತಿ ಕೈಬಿಟ್ಟೆ:
ಒಂದು ಮೂಲೆ, ಮೂರು ಅಂಚು, ಆರು ಮುಖ.
ಅಂಗಳದ ನಾಯಿ ಹತ್ತು ಸಲ ಎದ್ದು
ಹತ್ತು ಸಲ ಮಲಗಿತು.

ಆಮೇಲೆ ಕಣ್ಣು.
ಪೆಟ್ಟಿಗೆಗೊಂದರಂತೆ ಹದಿಮೂರು ಕರಡಿ,
ಕೊಕ್ಕೆ ಸಿಕ್ಕಿಸಿ, ಒಂಬತ್ತು ಕಿಲೋ ಭಾರದಷ್ಟು ಎಳೆತ,
ಹತ್ತು ಸೆಕೆಂಡು.
ಒಂದು ಕೂಸು ಹಲ್ಲಲ್ಲಿ ಕಚ್ಚಿ
ಹಟ ಹಿಡಿದರೆ ಎಷ್ಟೋ ಅಷ್ಟು.
ಹನ್ನೊಂದನೆಯದರ ಎಡಗಣ್ಣು
ಏಳಕ್ಕೇ ಟಪ್ಪೆಂದು ಬಂತು,
ಮೇಜಿನ ಮೇಲೆ ಉರುಳಿ, ನೆಲಕ್ಕೆ ಬಿದ್ದು
ಗೆಂಗ್‌ನ ಬೂಟಿನ ಮುಂದೆ ನಿಂತು
ಅವನನ್ನೇ ನೋಡಿತು.

"ಒಂದೇ ಕಣ್ಣಲ್ಲವೇ, ಶಾವ್ ಅವರೇ?"
ಹೊಲಿಗೆ ತಪ್ಪಿದ್ದರೆ ಏಳರವರೆಗೆ ಕ್ಷಮೆಯಿದೆ.
ಗಂಟಲಿಗೆ ಸಿಕ್ಕುವುದಕ್ಕೆ ಸೊನ್ನೆ.
ನಾನು ಮಾಡಿದ ಲೆಕ್ಕವಲ್ಲ ಅದು,
ಆದರೂ ಹೇಳುವ ಬಾಯಿ ನನ್ನದೇ.

ಊಟಕ್ಕೆ ಹೋಗಿ ಬರುವಷ್ಟರಲ್ಲಿ
ನನ್ನ ಚೀಲದ ಪಕ್ಕ ಒಂದು ಬುಟ್ಟಿ:
ಗಾವ್‌ಯೌ ಕೆರೆಯ ಏಡಿ, ಆರು,
ಹುಲ್ಲಿನ ಹುರಿಯಲ್ಲಿ ಕೈಕಾಲು ಕಟ್ಟಿಸಿಕೊಂಡು
ಇನ್ನೂ ಗುಳ್ಳೆ ಬಿಡುತ್ತಿದ್ದವು.
ಅದನ್ನೂ ವರದಿಯಲ್ಲಿ ಬರೆಯಬೇಕು.
ಬರೆದೆ: ಏಡಿ, ಆರು, ಜೀವಂತ, ಹಿಂದಿರುಗಿಸಲಾಗಿದೆ.
ಅಮ್ಮನಿಗೆ ಆ ಏಡಿ ಎಂದರೆ ಪ್ರಾಣ. ಅದನ್ನು ಬರೆಯಲಿಲ್ಲ.

ಕಣ್ಣೊತ್ತುವ ಯಂತ್ರದ ಬಳಿ ತಾವ್ ಎಂಬಾಕೆ,
ಹೆಬ್ಬೆರಳಲ್ಲಿ ಸುಟ್ಟ ಕಲೆ.
ತಲೆ ಎತ್ತದೆ, ಮಾತಾಡದೆ
ನನ್ನ ಅಂಗೈಗೆ ಎರಡು ವಾಷರ್ ಹಾಕಿದಳು.
ಒಂದು ಬಿಳಿ, ದಪ್ಪ: ಮಾದರಿ ಒಪ್ಪಿಸಿದಾಗಿನದು.
ಇನ್ನೊಂದು ಬೂದು, ಉಗುರಿಗೇ ಬಾಗುವಂಥದು:
ಹೋದ ತಿಂಗಳು ಬಂದ ಹೊಸ ಮೂಟೆಯದು.
ಫೋಟೊ ತೆಗೆದೆ, ಅಳತೆಪಟ್ಟಿಯ ಮೇಲಿಟ್ಟು.
ಅವಳ ಕೈ ಬೀಳದ ಹಾಗೆ ತೆಗೆದೆ.

ಸಂಜೆ ಬಸ್ಸಿನಿಂದಲೇ ಕಳಿಸಿದೆ: ಅನುತ್ತೀರ್ಣ.
ಚೆನ್ನಾಗಿ ಕಂಡ ನೂರ ಇಪ್ಪತ್ತನಾಲ್ಕರ ಚಿತ್ರವೂ ಜೊತೆಗೆ,
ಅನ್ಯಾಯ ಆಗಬಾರದಲ್ಲ.
ರಾಟರ್‌ಡ್ಯಾಮಿನಲ್ಲಿ ಆಗ ಮಧ್ಯಾಹ್ನ.
ಉತ್ತರ ಬೇಗ ಬಂತು:
ಕ್ರಿಸ್‌ಮಸ್‌ಗೆ ಮುಂಚೆ ಅಂಗಡಿ ಸೇರಬೇಕಿತ್ತು.
ಹಡಗು ಗುರುವಾರ.
ಒಂದೇ ಕಣ್ಣಲ್ಲವೇ?

ಎರಡು ಸಲ ಓದಿದೆ.
ಸಮುದ್ರದ ಆಚೆಗೂ ಈಚೆಗೂ
ಅದೇ ನಾಲ್ಕು ಶಬ್ದ ಎಂದು ಗೊತ್ತಿರಲಿಲ್ಲ;
ಇಲ್ಲ, ಗೊತ್ತಿತ್ತು.

ಹೌದು, ಒಂದೇ, ಎಂದು ಬರೆದೆ.
ಹದಿಮೂರರಲ್ಲಿ ಒಂದು.
ಕಳಿಸುವುದು ಬಿಡುವುದು ನಿಮ್ಮದು.
ವರದಿ ತಿದ್ದಲಾಗದು.

ಆಮೇಲೆ ಫೋನು ಸುಮ್ಮನಾಯಿತು.
ಸೇತುವೆಯ ಮೇಲೆ ಬಸ್ಸು ಕುಲುಕಿದಾಗಲೆಲ್ಲ
ತಾರೀಖು ಬರೆದು ಅಂಟಿಸಿದ ಲಕೋಟೆಯೊಳಗೆ
ಅದು ಹೊರಳುವ ಸದ್ದು.