ಒಂಬತ್ತೂಕಾಲರ ಪುಡಿ

ನನ್ನಮ್ಮ ಸಿಗ್‌ಬ್ರಿತ್‌ಗೆ ತಲೆನೋವು ಇರಲಿಲ್ಲ.
ಇದನ್ನು ಮೊದಲೇ ಹೇಳಿಬಿಡುತ್ತೇನೆ,
ಯಾಕೆಂದರೆ ಆಮೇಲೆ ಡಾಕ್ಟರೂ ಕೇಳಿದರು, ಪಾದ್ರಿಯೂ ಕೇಳಿದರು:
ಇಷ್ಟೊಂದು ಪುಡಿ ಯಾವ ನೋವಿಗೆ?

ಹುಸ್ಕ್ವರ್ನಾದ ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ
ಅವಳದು ಸೂಜಿಯ ಕಣ್ಣು ನೋಡುವ ಕೆಲಸ.
ದಿನಕ್ಕೆ ನಾಲ್ಕು ಸಾವಿರ ಕಣ್ಣು.
ಒಂದೊಂದರಲ್ಲೂ ಬೆಳಕು ತೂರಬೇಕು,
ತೂರದಿದ್ದರೆ ಎಡಗಡೆಯ ಡಬ್ಬಿಗೆ.
ನವೆಂಬರಿನಲ್ಲಿ ಅವಳು ಮನೆ ಬಿಡುವಾಗಲೂ ಕತ್ತಲು,
ಮನೆಗೆ ಬರುವಾಗಲೂ ಕತ್ತಲು,
ನಡುವೆ ಇದ್ದ ಒಂದಿಷ್ಟು ಬೆಳಕನ್ನು
ಸೂಜಿಗಳೇ ಕುಡಿದು ಮುಗಿಸುತ್ತಿದ್ದವು.

ಒಂಬತ್ತೂಕಾಲಿಗೆ ಗಂಟೆ.
ಬೆಂಚಿನ ಉದ್ದಕ್ಕೂ ಏಪ್ರನ್ನಿನ ಜೇಬುಗಳು ಸರಬರ,
ಮಡಿಸಿದ ಕಾಗದ ಬಿಚ್ಚಿ, ತಲೆ ಹಿಂದಕ್ಕೆ ಚೆಲ್ಲಿ
ನಾಲಿಗೆಗೆ ಸುರಿದು, ಮೇಲೊಂದು ಗುಟುಕು ಬಿಸಿ ಕಾಫಿ.
ಕಹಿ.
ಆಮೇಲೆ
ಹೆಗಲ ಮೇಲಿನ ಒದ್ದೆ ಕಂಬಳಿಯನ್ನು ಯಾರೋ ಎತ್ತಿಕೊಂಡ ಹಾಗೆ.
ಅಲ್‌ವಾರ್ ದಿನವೂ ಹೇಳುವ ಹಳಸಲು ಜೋಕಿಗೂ
ಅಮ್ಮನಿಗೆ ಹೊಸದಾಗಿ ನಗು ಬರುತ್ತಿತ್ತು.

ಯಾರಿಗೂ ಅದು ಚಟ ಅನಿಸಲಿಲ್ಲ.
ಚಟ ಎಂದರೆ ರಾಗ್ನಾರನ ಬಾಟಲಿ,
ಶನಿವಾರ ರಾತ್ರಿ ಅವನು ಸೇತುವೆಯ ಮೇಲೆ ಮಲಗುವುದು.
ಇದಾದರೋ ಔಷಧಿ. ಬಿಳಿ ಕೋಟಿನವರು ಕೈಯಾರೆ ಕೊಡುವುದು.
ಭಾನುವಾರ ಚರ್ಚಿಗೂ ಬರುತ್ತಿತ್ತು,
ಕೀರ್ತನೆಗಳ ಪುಸ್ತಕದಲ್ಲಿ ಗುರುತಿಗಿಟ್ಟ ಕಾಗದದಂತೆ.

ಅಮ್ಮನಿಗೆ ಐವತ್ತು ತುಂಬಿದಾಗ ಬೆಂಚಿನವರೆಲ್ಲ ಸೇರಿ
ನೂರು ಪೊಟ್ಟಣ ಕೊಟ್ಟರು, ನೀಲಿ ರಿಬ್ಬನ್ ಕಟ್ಟಿ.
ಅವಳು ಅತ್ತಳು, ಸಂತೋಷಕ್ಕೆ.
ನನಗೆ ಹದಿನಾರು. ನಾನೂ ಚಪ್ಪಾಳೆ ತಟ್ಟಿದೆ.

ಒಂದು ಎರಡಾದದ್ದು ನಮಗೆ ತಿಳಿಯಲಿಲ್ಲ.
ಎರಡು ಆರಾದದ್ದು ಸಂಬಳದ ದಿನ ತಿಳಿಯಿತು.
ಹತ್ತು ದಾಟಿದ ಮೇಲೆ ಅವಳೇ ಎಣಿಸುವುದು ಬಿಟ್ಟಳು.
ಶುರುವಾಯಿತು ಆಗ ನಿಜವಾದ ತಲೆನೋವು:
ರಜೆಯ ಬೆಳಿಗ್ಗೆ, ಪೊಟ್ಟಣ ತುಸು ತಡವಾದರೆ
ಹುಬ್ಬಿನ ಹಿಂದೆ ಮೊಳೆ ಬಡಿಯುವ ಸದ್ದು.
"ನೋಡಿದೆಯಾ, ತಲೆನೋವು ಇದೆಯಲ್ಲ ನನಗೆ!" ಎಂದಳು
ವ್ಯಾಜ್ಯ ಗೆದ್ದವಳ ಹಾಗೆ.
ಮಗುವನ್ನು ಚಿವುಟುವುದೂ ಅದೇ,
ತೊಟ್ಟಿಲು ತೂಗುವುದೂ ಅದೇ.
ಅಮ್ಮನಿಗೆ ಕಂಡದ್ದು ತೂಗುವ ಕೈ ಮಾತ್ರ.

ಮುಖ ಬೂದಿ ಬಣ್ಣಕ್ಕೆ ತಿರುಗಿತು.
ತುಟಿಯ ಮೇಲೆ ಬ್ಲೂಬೆರಿ ತಿಂದ ಕಲೆ,
ಅದು ಬ್ಲೂಬೆರಿಯ ಕಾಲವಲ್ಲ.
ರಾತ್ರಿ ನಾಲ್ಕು ಸಲ ಏಳುವಳು, ನೀರು ಕುಡಿಯುವಳು,
ಅಡುಗೆಮನೆಯ ದೀಪ ಹಾಕದೆ ಕತ್ತಲಲ್ಲೇ ಕಾಗದ ಬಿಚ್ಚುವಳು.
ಆ ಸದ್ದು ನನಗೆ ಈಗಲೂ ಗೊತ್ತು.
ಇಲಿಯಂತಲ್ಲ, ಎಲೆಯಂತಲ್ಲ.

ಯೋನ್‌ಶೋಪಿಂಗಿನ ಆಸ್ಪತ್ರೆಯಲ್ಲಿ, ಮೀಸೆ ಚಿಗುರುತ್ತಿದ್ದ ಡಾಕ್ಟರು
ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದರು.
ಮೂತ್ರಪಿಂಡಗಳು ಸುಕ್ಕಾಗಿವೆ, ಎರಡೂ, ಎಂದರು.
ಎಷ್ಟು ವರ್ಷದಿಂದ? ದಿನಕ್ಕೆ ಎಷ್ಟು?
ಅಮ್ಮ ಎರಡು ಎಂದಳು.
ಆಮೇಲೆ ಆ ಪ್ರಶ್ನೆ: ಯಾವ ನೋವಿಗೆ?

ಅಮ್ಮ ಆ ಹಾಳೆಯನ್ನು ನೋಡಲಿಲ್ಲ, ಅದರಾಚೆಗೆ ನೋಡಿದಳು.
ವೆಟ್ಟರ್ನ್ ಸರೋವರ ಹೆಪ್ಪುಗಟ್ಟುವ ಮೊದಲು
ಸೀಸದಂತೆ ಸುಮ್ಮನೆ ಬಿದ್ದಿತ್ತು.
"ಒಂಬತ್ತೂಕಾಲಿಗೆ," ಎಂದಳು.
ಕಿವಿ ಮಂದವೆಂದು ಬರೆದುಕೊಂಡರು ಡಾಕ್ಟರು.

ಸರಿಯಾಗಿಯೇ ಕೇಳಿತ್ತು ಅವಳಿಗೆ.
ಒಂಬತ್ತೂಕಾಲಿನಿಂದ ಹತ್ತೂವರೆಯವರೆಗೆ
ಅವಳು ಯಾರಾಗಿರುತ್ತಿದ್ದಳೋ
ಅವಳನ್ನು ನೋಡಲು ಮಾತ್ರ ಅಷ್ಟು ಬೆಲೆ ತೆತ್ತಳು.
ಬೇರೆ ಯಾವ ಬಾಗಿಲನ್ನು ಯಾರು ತೋರಿಸಿದ್ದರು ಅವಳಿಗೆ?
ನಾನೂ ತೋರಿಸಲಿಲ್ಲ. ನಾನು ರಿಬ್ಬನ್ ಎತ್ತಿಟ್ಟುಕೊಂಡೆ.

ಈಗ ಆ ಪುಡಿ ಎಲ್ಲೂ ಸಿಗುವುದಿಲ್ಲ.
ಅವಳು ಪರೀಕ್ಷಿಸಿದ್ದಿರಬಹುದಾದ ಸೂಜಿಯೊಂದು
ನನ್ನ ಯಂತ್ರದ ಡ್ರಾಯರಿನಲ್ಲಿದೆ, ಕಣ್ಣು ನಿಚ್ಚಳ.
ಪಕ್ಕದಲ್ಲೊಂದು ಮಾತ್ರೆಯ ಪಟ್ಟಿ,
ಹತ್ತು ಗುಳಿ, ಏಳು ಖಾಲಿ.
ನಿನ್ನೆ ನನಗೆ ತಲೆನೋವು ಇರಲಿಲ್ಲ.